ಸಂಜೆ ಆರೂವರೆಗೆ ಊಟ: ನನ್ನ ಸಕ್ಕರೆ ಇಳಿದದ್ದು ಹೀಗೆ

ಹೋದ ತಿಂಗಳ ರಿಪೋರ್ಟ್‌ನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ, ಅದೇ ಎಚ್‌ಬಿಎ1ಸಿ, ಶೇಕಡ 6.4 ಬಂತು. ನಾಲ್ಕು ವರ್ಷದ ಹಿಂದೆ 8.7ರ ಆಸುಪಾಸಿನಲ್ಲಿತ್ತು. ಎರಡು ಥರ ಮಾತ್ರೆ ಇದ್ದದ್ದು ಈಗ ಒಂದೇ ಆಗಿದೆ. ನನಗೆ 69. "ಈ ವಯಸ್ಸಲ್ಲಿ ಇದೆಲ್ಲ ಇಳಿಯಲ್ಲ ಮೇಷ್ಟ್ರೇ, ಸುಮ್ನೆ ಮಾತ್ರೆ ನುಂಗ್ಕೊಂಡು ಆರಾಮಾಗಿರಿ" ಅಂದವರೇ ಈಗ ಮನೆಗೆ ಬಂದು ಏನು ತಿಂತೀರಿ, ಎಷ್ಟು ತಿಂತೀರಿ ಎಂದು ಕೇಳುತ್ತಿದ್ದಾರೆ. ಸಿರಿಧಾನ್ಯ ಅಂದರೇನು, ಬೆರಳು ಚುಚ್ಚಿ ಸಕ್ಕರೆ ನೋಡುವುದು ಹೇಗೆ ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಶುರುವಿನಲ್ಲಿ ಒಂದು ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ ಹೋಗಿ ಹತ್ತು ದಿನದ ಹತ್ತಿರ ಇದ್ದೆ. ಮಣ್ಣಿನ ಪಟ್ಟಿ, ಎನಿಮಾ, ಜ್ಯೂಸ್ ಉಪವಾಸ ಎಲ್ಲ ಆಯಿತು. ಓಡಾಟ ಸೇರಿ ಮೂವತ್ತು ಸಾವಿರ ಖರ್ಚು. ನಾಲ್ಕು ಕೆಜಿ ಇಳಿದೆ, ನಿದ್ದೆ ಚೆನ್ನಾಗಿ ಬಂತು. ದೀಪಾವಳಿ ಹೊತ್ತಿಗೆ ನಾಲ್ಕೂ ಕೆಜಿ ವಾಪಸ್ ಬಂದವು. ಚಿಕಿತ್ಸೆ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅಲ್ಲಿ ನಡೆದದ್ದನ್ನು ನಮ್ಮ ಅಡುಗೆಮನೆಯಲ್ಲಿ ನಡೆಸಲು ಆಗಲಿಲ್ಲ, ಅಷ್ಟೇ. ಆಮೇಲೆ ಹಾಗಲಕಾಯಿ ಜ್ಯೂಸಿನ ಬಾಟಲಿ, ನೇರಳೆ ಬೀಜದ ಪುಡಿ. ತಿಂಗಳಿಗೆ ಆರುನೂರು ಏಳುನೂರು ರೂಪಾಯಿಯಂತೆ ಹತ್ತಿರ ಹತ್ತಿರ ಒಂದು ವರ್ಷ. ನನ್ನ ರೀಡಿಂಗ್ ಅಲುಗಲೇ ಇಲ್ಲ.

2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿದರಲ್ಲ, ಆಗ ನಮ್ಮ ಶಿರಾದ ಅಂಗಡಿಗಳಿಗೂ ಪಾಕೆಟ್ ನವಣೆ ಬಂತು. ಕೆಜಿಗೆ ನೂರೈವತ್ತರ ಹತ್ತಿರ. ಬೆಳ್ಳಗೆ ಮಿರಮಿರ ಮಿಂಚುತ್ತಿತ್ತು. ತಟ್ಟೆ ತುಂಬ ಉಂಡು ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಸಕ್ಕರೆ 220, 230 (ಇದು ಮಿಲಿಗ್ರಾಂ ಲೆಕ್ಕ). "ಅಪ್ಪಾ, ಅನ್ನಕ್ಕೂ ಇದಕ್ಕೂ ಏನು ವ್ಯತ್ಯಾಸ? ದುಡ್ಡು ದಂಡ" ಅಂದ ಮಗ. ಸಿರಿಧಾನ್ಯ ಎಷ್ಟು ಬೇಕಾದರೂ ತಿನ್ನಬಹುದು ಅಂತ ಹೇಳುತ್ತಾ ಬರುವವರನ್ನು ನಂಬಬೇಡಿ. ಅಕ್ಕಿಯಲ್ಲಿ 100 ಗ್ರಾಂಗೆ 78 ಗ್ರಾಂನಷ್ಟು ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ ನವಣೆಯಲ್ಲೂ 60 ಗ್ರಾಂ ಇದೆ. ಮೇಲಿನ ತೌಡೆಲ್ಲ ಪಾಲಿಶ್‌ನಲ್ಲಿ ಹೋದರೆ ನಾರೂ ಹೋಯಿತು.

ಅಲ್ಲಿಂದ ಯಾರ ಮಾತನ್ನೂ ಕೇಳದೆ ನಾನೇ ಪರೀಕ್ಷೆಗೆ ಇಳಿದೆ. ಉಣ್ಣುವ ಮುಂಚೆ ಒಂದು ಸಲ, ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿ ಹಿಡಿದರೆ ಐದಾರು ಸಾವಿರ ಬರೀ ಸ್ಟ್ರಿಪ್‌ಗೇ ಹೋಗಿದೆ. ಆ ದುಡ್ಡು ಮಾತ್ರ ಸಾರ್ಥಕ. ಅದರಿಂದ ಗೊತ್ತಾದದ್ದು ಬಹಳ. ರಾಗಿ ಗಂಜಿ ಕುಡಿದಾಗ ಏರಿದಷ್ಟು ಅದೇ ಹಿಟ್ಟಿನ ಮುದ್ದೆ ಉಂಡಾಗ ಏರಲಿಲ್ಲ. ದೊಡ್ಡ ಮುದ್ದೆಗಿಂತ ಒಂದು ಹಿಡಿ ಅನ್ನ ಮತ್ತು ರಾಶಿ ಬೆರಕೆ ಸೊಪ್ಪಿನ ಪಲ್ಯ ವಾಸಿ. ಮೊದಲು ಸೊಪ್ಪು, ಕಾಳು ತಿಂದು ಕೊನೆಗೆ ಮುದ್ದೆ ಮುಟ್ಟಿದರೆ ಇಪ್ಪತ್ತು ಮೂವತ್ತು ಪಾಯಿಂಟ್ ಕಡಿಮೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಡಿಮೆ ಏರಿಸಿದ್ದು ಕೊರಲೆ ಅನ್ನ (ಕೊರಲೆಯೂ ನವಣೆಯಂತೆ ಒಂದು ಸಿರಿಧಾನ್ಯ), ಜೊತೆಗೆ ಹುರುಳಿ ಬಸ್ಸಾರು. ನಿಮ್ಮ ಮೈಗೆ ಬೇರೆ ಇರಬಹುದು, ಚುಚ್ಚಿಯೇ ನೋಡಬೇಕು.

ಇಷ್ಟಾದರೂ ಬೆಳಗಿನ ಖಾಲಿ ಹೊಟ್ಟೆ ಸಕ್ಕರೆ 150ರಿಂದ ಇಳಿಯುತ್ತಿರಲಿಲ್ಲ. ಅದನ್ನು ಇಳಿಸಿದ್ದು ಊಟದ ಹೊತ್ತು. ರಾತ್ರಿ ಒಂಬತ್ತೂವರೆಯ ಊಟವನ್ನು ಸಂಜೆ ಆರೂವರೆಗೆ ತಂದೆ. ನಮ್ಮ ಜೈನರು ಹೊತ್ತು ಮುಳುಗುವ ಮುಂಚೆ ಉಣ್ಣುವುದನ್ನು ತಲೆತಲಾಂತರದಿಂದ ಮಾಡಿಕೊಂಡೇ ಬಂದಿದ್ದಾರೆ, ಹೊಸದೇನಲ್ಲ. ಮನೆಯಲ್ಲಿ ಮಾತ್ರ ದೊಡ್ಡ ರಗಳೆ. "ರೀ, ದೀಪ ಹಚ್ಚೋ ಹೊತ್ತಲ್ಲಿ ತಟ್ಟೆ ಇಡು ಅಂದ್ರೆ ಹೇಗ್ರೀ?" ಅಂತ ನಮ್ಮವರು. ಮೊದಲ ಎರಡು ವಾರ ರಾತ್ರಿ ಹತ್ತಕ್ಕೆ ಹೊಟ್ಟೆ ಚುರುಗುಟ್ಟುತ್ತದೆ. ಒಂದು ಲೋಟ ನೀರು ಮಜ್ಜಿಗೆ ಕುಡಿದು ಮಲಗಿ. ಎರಡು ತಿಂಗಳಲ್ಲಿ ಬೆಳಗಿನ ರೀಡಿಂಗ್ 115, 120ಕ್ಕೆ ಬಂತು. ಈಗ ನಮ್ಮವರೂ ನನ್ನ ಜೊತೆಗೇ ಉಣ್ಣುತ್ತಾರೆ. ಅವರ ಎದೆಯುರಿ ನಿಂತಿದೆ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಹಾರಿಸಬೇಡಿ. ಊಟದ ಹೊತ್ತು ಬದಲಿಸುವ ಮುಂಚೆ ನಾನು ಡಾಕ್ಟರ ಹತ್ತಿರ ಕೂತು ರಾತ್ರಿಯ ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ) ಕಡಿಮೆ ಮಾಡಿಸಿಕೊಂಡೆ. ನನ್ನನ್ನು ನೋಡಿ ಶುರುಮಾಡಿದ ಸ್ನೇಹಿತರೊಬ್ಬರು ಮಾತ್ರೆ ಹಳೇ ಲೆಕ್ಕದಲ್ಲೇ ನುಂಗಿ ಊಟ ಕಡಿಮೆ ಮಾಡಿದರು. ನಡುರಾತ್ರಿ ಬೆವರಿ, ಬಚ್ಚಲಮನೆ ಬಾಗಿಲಲ್ಲಿ ಬಿದ್ದರು. ನಮ್ಮ ವಯಸ್ಸಿಗೆ ಸಕ್ಕರೆ ಏರುವುದಕ್ಕಿಂತ ಹಠಾತ್ತನೆ ಇಳಿಯುವುದು ಜಾಸ್ತಿ ಅಪಾಯ. ಮಾತ್ರೆಗೆ ನೀವಾಗಿಯೇ ಕೈ ಹಾಕಬೇಡಿ.

ಇನ್ನು ಕಾಲು. ವಾಕಿಂಗ್ ಎಲ್ಲರೂ ಮಾಡುತ್ತಾರೆ. ನಾನೂ ಬೆಳಿಗ್ಗೆ ಒಂದು ಗಂಟೆ ಮಾಡುತ್ತಿದ್ದೆ, ತೊಡೆ ಮಾತ್ರ ಸೊರಗುತ್ತಲೇ ಇತ್ತು. ಈಗ ಅದರ ಬದಲು ಮೂರೂ ಊಟದ ಹಿಂದೆಯೇ ಕಾಲು ಗಂಟೆಯಂತೆ ನಡೆಯುತ್ತೇನೆ. ಜೊತೆಗೆ ನೆಲದ ಮೇಲೆ ಮಣೆ ಹಾಕಿ ಕೂತು ಕೈ ಊರದೆ ಏಳುವ ಅಭ್ಯಾಸ. ಮೊದಲು ಕುರ್ಚಿಯಿಂದ, ಆಮೇಲೆ ಸ್ಟೂಲಿನಿಂದ, ಆಮೇಲೆ ಮಣೆಯಿಂದ. ಮಣೆಗೆ ಇಳಿಯಲು ಎಂಟು ಒಂಬತ್ತು ತಿಂಗಳು ಹಿಡಿಯಿತು. ಮಂಡಿ ಸವೆದವರು ಸ್ಟೂಲಿಗೇ ನಿಲ್ಲಿಸಿ. ತೊಟ್ಟಿಯಿಂದ ಗಿಡಗಳಿಗೆ ಎರಡೂ ಕೈಯಲ್ಲಿ ಬಕೆಟ್ ಹಿಡಿದು ನೀರು ಹೊರುತ್ತೇನೆ. ಪಂಪ್ ಇದೆ, ಬೇಕಂತಲೇ ಹಾಕುವುದಿಲ್ಲ. ನನ್ನ ಲೆಕ್ಕದಲ್ಲಿ ಈ ರಿಪೋರ್ಟ್‌ನ ಅರ್ಧ ಯಶಸ್ಸು ತೊಡೆಗೆ ಸೇರಬೇಕು. ತೊಡೆಯ ಮಾಂಸ ಇದ್ದರೆ ತಾನೇ ಸಕ್ಕರೆಗೆ ಹೋಗಲು ಜಾಗ?

ತಾಮ್ರದ ಚೊಂಬಿನ ನೀರು, ಹರಳೆಣ್ಣೆ ತಿಕ್ಕುವುದು, ಬಿಸಿಲಿಗೆ ಬೆನ್ನೊಡ್ಡಿ ಕೂರುವುದು, ಇವನ್ನೂ ಮಾಡಿ ನೋಡಿದೆ. ಸಕ್ಕರೆಗೆ ಯಾವುದೂ ಏನೂ ಮಾಡಲಿಲ್ಲ. ಹರಳೆಣ್ಣೆ ತಿಕ್ಕಿದ ರಾತ್ರಿ ಮಂಡಿಗೆ ಹಾಯೆನಿಸುತ್ತದೆ, ಅದನ್ನು ಉಳಿಸಿಕೊಂಡಿದ್ದೇನೆ. ವಿಟಮಿನ್ ಬಿ12 ಮಾತ್ರ ಮಾತ್ರೆಯಲ್ಲೇ ತೆಗೆದುಕೊಳ್ಳುತ್ತೇನೆ. ನಾನು ಸಸ್ಯಾಹಾರಿ, ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಬೇರೆ ಎಷ್ಟೋ ವರ್ಷದಿಂದ ನುಂಗುತ್ತಿದ್ದೇನೆ. ಅದು ಬಿ12 ಇಳಿಸುತ್ತದೆ. ಸೊಪ್ಪು ಕಾಳಿನಿಂದ ಅದು ಸಿಗುವುದಿಲ್ಲ. ಸಹಜ ಜೀವನ ಅಂತ ಹಠ ಹಿಡಿದು ಅಂಗಾಲು ಜೋಮು ಹಿಡಿಸಿಕೊಳ್ಳುವುದು ಬೇಡ.

ಬೆಳಗಿನ ಕೊರಲೆ ಅಂಬಲಿಗೆ ಒಂದು ಪುಡಿ ಹಾಕುತ್ತೇನೆ. ಮೆಂತ್ಯ ಇದೆ, ಒಣಗಿಸಿದ ನುಗ್ಗೆಸೊಪ್ಪು ಇದೆ, ಇನ್ನೂ ಎರಡು ಸಾಮಾನು ಇವೆ. ಅವು ಏನು, ಅಳತೆ ಎಷ್ಟು ಅನ್ನೋದನ್ನು ಈಗ ಹೇಳುವುದಿಲ್ಲ. ಇನ್ನೊಂದು ವರ್ಷ ನೋಡಿ ಹೇಳುತ್ತೇನೆ.

ಕೊರಲೆ ನಮ್ಮದೇ. ಹುಣಸೆ ಮರಗಳ ಕೆಳಗೆ ಅರ್ಧ ಎಕರೆ ಸುಮ್ನೆ ಬಿದ್ದಿತ್ತು. ನೆರಳಲ್ಲೂ ಬರುವ ಬೆಳೆ ಇದು, ಎರಡೂವರೆ ಮೂರು ತಿಂಗಳಿಗೆ ಕೊಯ್ಲು. ಗೊಬ್ಬರ, ಔಷಧಿ ಏನೂ ಇಲ್ಲ, ಹೋದ ವರ್ಷ ಎರಡು ಕ್ವಿಂಟಾಲ್ ಹತ್ತಿರ ಆಯಿತು. ಕಷ್ಟ ಇರುವುದು ಹೊಟ್ಟು ತೆಗೆಸುವುದರಲ್ಲಿ. ದೊಡ್ಡ ಮಿಲ್ಲಿನವರು ಸಣ್ಣ ಮೂಟೆ ಮುಟ್ಟಲ್ಲ, ಮುಟ್ಟಿದರೂ ಬೆಳ್ಳಗೆ ಮಾಡಿ ಕೊಡುತ್ತಾರೆ. ಸಣ್ಣ ಮಿಷನ್ ಇರುವವರನ್ನು ಹುಡುಕಿ, ಒಂದೇ ಸಲ ಹಾಕಿ ಅಂತ ಎದುರಿಗೇ ನಿಂತು ಮಾಡಿಸಿ. ತೌಡು ಉಳಿದ ಕೊರಲೆ ಅಕ್ಕಿ ಬೇಗ ಕಮಟು ವಾಸನೆ ಬರುತ್ತದೆ. ಅದಕ್ಕೇ ಹೊಟ್ಟಿನ ಸಮೇತ ಮೂಟೆಯಲ್ಲಿಡಿ, ತಿಂಗಳಿಗೆ ಬೇಕಾದಷ್ಟೇ ಮಾಡಿಸಿ. ನುಚ್ಚನ್ನು ಮಿಲ್ಲಿನಲ್ಲೇ ಬಿಟ್ಟು ಬರಬೇಡಿ, ಅಂಬಲಿಗೆ ಅದೇ ಚೆನ್ನ.