ಕುಕ್ಕೆಯಿಂದ ಉಡುಪಿಗೆ: ಬಾಗಿಲು ಹಾಕುವ ಹೊತ್ತು ನೋಡಿಕೊಂಡು ಹೊರಡಿ

ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ. ಬೆಂಗಳೂರಿನಿಂದ ಹೊರಟು ಈ ಐದನ್ನೂ ಎರಡೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರನ್ನು ಪ್ರತಿ ರಜೆಯಲ್ಲೂ ನೋಡುತ್ತೇನೆ. ಕೊನೆಗೆ ಯಾವ ದೇವರನ್ನೂ ನೆಮ್ಮದಿಯಾಗಿ ನೋಡಿರುವುದಿಲ್ಲ. ನಾಲ್ಕು ದಿನ ಇಟ್ಟುಕೊಳ್ಳಿ.

ಮೊದಲು, ಏನಾದರೂ ಸೇವೆ ಮಾಡಿಸಬೇಕಾ ಎಂದು ಮನೆಯ ಹಿರಿಯರನ್ನು ಕೇಳಿ. ಕುಕ್ಕೆಯ ಸರ್ಪಸಂಸ್ಕಾರಕ್ಕೆ ಎರಡು ದಿನ ಬೇಕು, ಮುಂಚೆಯೇ ಬುಕ್ ಮಾಡಬೇಕು. ಅದನ್ನು ಈ ಪ್ರವಾಸಕ್ಕೆ ಸೇರಿಸಬೇಡಿ. ಅದಕ್ಕೆಂದೇ ಇನ್ನೊಮ್ಮೆ ಬನ್ನಿ.

ಎರಡನೆಯದು ರೂಮು. ಕುಕ್ಕೆ, ಹೊರನಾಡು, ಉಡುಪಿಯಲ್ಲಿ ಒಂದೊಂದು ರಾತ್ರಿ. ಶನಿವಾರ, ಭಾನುವಾರ ಬೇಡ.

ಮೂರನೆಯದು ಹೊತ್ತು. ಎಲ್ಲರೂ ಎಡವುವುದು ಇಲ್ಲೇ. ಮಲೆನಾಡಿನಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. ಘಾಟಿಯಲ್ಲಿ ಗಂಟೆಗೆ 30 ಕಿ.ಮೀ. ಎಂದೇ ಹಿಡಿಯಿರಿ. ಮಕ್ಕಳಿಗೆ ವಾಂತಿಯಾದರೆ ಅದೂ ಇಲ್ಲ. ಮೇಲಿಂದ ಹೆಚ್ಚಿನ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ನಮ್ಮ ಅಕ್ಕನ ಮನೆಯವರು ಹೊರನಾಡಿನಲ್ಲಿ ನಿಧಾನವಾಗಿ ತಿಂಡಿ ತಿಂದು ಹೊರಟು ಶೃಂಗೇರಿ ಮುಟ್ಟಿದಾಗ ಎರಡೂವರೆ. ಶಾರದಾಂಬೆಯ ಬಾಗಿಲು ಹಾಕಿತ್ತು. ಸಂಜೆವರೆಗೂ ತುಂಗೆಯ ಮೀನು ನೋಡುತ್ತಾ ಕೂತರು.

ಹಾಗಾಗಿ ಹೀಗೆ ಮಾಡಿ. ಮೊದಲ ದಿನ ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಡಿ. ಕುಕ್ಕೆಯಲ್ಲಿ ಸಂಜೆ ದರ್ಶನ. ಎರಡನೇ ದಿನ ಬೆಳಕು ಹರಿಯುವಾಗ ಹೊರಟರೆ ಒಂದೂವರೆ ಗಂಟೆಯಲ್ಲಿ ಧರ್ಮಸ್ಥಳ. ಮಂಜುನಾಥನ ದರ್ಶನ ಮುಗಿಸಿ, ಅಲ್ಲೇ ಊಟ ಮಾಡಿ, ಚಾರ್ಮಾಡಿ ಹತ್ತಿ ಕತ್ತಲಾಗುವ ಮುಂಚೆ ಹೊರನಾಡು ಸೇರಿ. ಮೂರನೇ ದಿನ ಏಳಕ್ಕೆಲ್ಲ ಹೊರಡಿ. ಶೃಂಗೇರಿಯಲ್ಲಿ ದರ್ಶನ ಆದಮೇಲೆ ವಿದ್ಯಾಶಂಕರ ಗುಡಿಗೆ ಒಂದು ಗಂಟೆಯಾದರೂ ಕೊಡಿ. ಒಳಗಿನ ಹನ್ನೆರಡು ರಾಶಿ ಕಂಬಗಳನ್ನು ಸುಮ್ನೆ ದಾಟಿ ಹೋಗಬೇಡಿ. ಆಗುಂಬೆಯ ಸೂರ್ಯಾಸ್ತಕ್ಕೆ ಕಾಯಬೇಕು ಎಂದು ಎಲ್ಲರಿಗೂ ಆಸೆ. ನಾನು ಬೇಡ ಎನ್ನುತ್ತೇನೆ. ಆಮೇಲೆ ಆ 14 ತಿರುವುಗಳನ್ನು ಕತ್ತಲಲ್ಲಿ ಇಳಿಯಬೇಕು, ಮಂಜು ಬೇರೆ. ಬೆಳಕಿರುವಾಗಲೇ ಇಳಿದು ಹೆಬ್ರಿ ಮೇಲೆ ಉಡುಪಿಗೆ ಹೋಗಿ. ದೊಡ್ಡ ಬಸ್ಸು ಮಾಡಿಕೊಂಡಿದ್ದರೆ ಈ ಘಾಟಿಯಲ್ಲಿ ಬಿಡುವುದಿಲ್ಲ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಜೋರು ಮಳೆಗಾಲದಲ್ಲಿ ಇದ್ಯಾವುದೂ ಬೇಡ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ದಿನವೇ ಹೋಯಿತು.

ಬಟ್ಟೆಯ ವಿಷಯ. ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಮನೆಯಿಂದಲೇ ಹತ್ತಿ ಪಂಚೆ ತನ್ನಿ. ಗುಡಿ ಮುಂದೆ ಮಾರುವ ಪಾಲಿಯೆಸ್ಟರ್ ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ. ಮುಂದೆ ಅಜ್ಜಿಯನ್ನು ಹಿಡಿದುಕೊಂಡು ಕ್ಯೂನಲ್ಲಿ ನಿಂತವರಿಗೆ ಅದು ದೊಡ್ಡ ಫಜೀತಿ.

ನಾಲ್ಕನೇ ದಿನ ಬೆಳಗ್ಗೆ ಬೇಗ ಕೃಷ್ಣನ ಗುಡಿಗೆ ಹೋಗಿ. ಮೊದಲು ಹೊರಗೆ ಕನಕನ ಕಿಂಡಿ, ಆಮೇಲೆ ಒಳಗೆ ಒಂಬತ್ತು ತೂತಿನ ನವಗ್ರಹ ಕಿಂಡಿ. ಮಕ್ಕಳನ್ನು ಎತ್ತಿ ತೋರಿಸಿ, ಹಿಂದಿನವರು ನೂಕಿದರೂ ಪರವಾಗಿಲ್ಲ. ಒಂಬತ್ತಕ್ಕೆ ಉಡುಪಿ ಬಿಟ್ಟರೆ ಶಿರಾಡಿಯನ್ನು ಹಗಲಲ್ಲೇ ಹತ್ತಬಹುದು.