ಕಳ್ಳತನ ಆದ್ಮೇಲೆ ಬಾಗಿಲು ಗಟ್ಟಿ ಮಾಡೋದು ಲೇಟೇನಲ್ಲ

ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅಂತ ಗಾದೆ ಇದೆಯಲ್ಲ, ಮನೆಗಳ್ಳತನದ ವಿಷ್ಯದಲ್ಲಿ ಅದು ಅಷ್ಟು ಸರಿ ಹೊಂದಲ್ಲ. ಒಂದ್ಸಲ ನುಗ್ಗಿದ ಮನೆಗೇ ಕೆಲವು ವಾರದೊಳಗೆ ಮತ್ತೆ ನುಗ್ಗೋ ಚಾನ್ಸ್ ಜಾಸ್ತಿ, ಅಕ್ಕಪಕ್ಕದ ಮನೆಗಳಿಗೂ ಅಷ್ಟೇ, ಯಾಕಂದ್ರೆ ಕಳ್ಳನಿಗೆ ದಾರಿ ಗೊತ್ತಾಗಿದೆ, ಹೋದ ಟಿವಿ ಜಾಗಕ್ಕೆ ಹೊಸದು ಬರುತ್ತೆ ಅಂತಾನೂ ಗೊತ್ತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿರೋ ಕರ್ಕ್‌ಹೋಲ್ಟ್ ಬಡಾವಣೇಲಿ 1980ರ ದಶಕದಲ್ಲಿ ಇದನ್ನೇ ಹಿಡ್ಕೊಂಡು ಕೆಲಸ ಮಾಡಿದ್ರು. ಕಳ್ಳತನ ಆದ ಮನೆ ಬೀಗ ಗಟ್ಟಿ ಮಾಡಿದ್ರು, ನಾಣ್ಯ ಹಾಕಿ ಗ್ಯಾಸ್, ಕರೆಂಟ್ ಬಳಸೋ ಮೀಟರ್ (ಅದರೊಳಗಿನ ದುಡ್ಡಿನ ಮೇಲೇ ಕಳ್ಳರ ಕಣ್ಣು) ತೆಗೆಸಿದ್ರು, ಸುತ್ತಲಿನ ಐದಾರು ಮನೆಯವ್ರಿಗೆ ಆ ಮನೆ ಮೇಲೆ ಕಣ್ಣಿಡಿ ಅಂದ್ರು. ಕಳ್ಳತನ ಚೆನ್ನಾಗೇ ಇಳೀತು.

ಸೋ, ನಿಮ್ಮನೇಲಿ ಆಗಿದ್ರೆ ಮೊದಲ ದಿನ ಮಾಡೋದು ಇಷ್ಟು. ಬಾಗಿಲು ಒಡೆದಿರೋದು ಕಂಡ್ರೆ ಒಳಗೆ ಹೋಗ್ಬೇಡಿ, ಇನ್ನೂ ಒಳಗೇ ಇರಬಹುದು, ಹೊರಗಿಂದಾನೇ ಪೊಲೀಸ್‌ಗೆ ಫೋನ್ ಮಾಡಿ. ಅವ್ರು ನೋಡೋವರೆಗೂ ಏನೂ ಮುಟ್ಟಬೇಡಿ, ಗುಡಿಸೋದಂತೂ ಬೇಡವೇ ಬೇಡ (ಗಾಬರೀಲಿ ಎಲ್ಲರೂ ಮೊದಲು ಅದನ್ನೇ ಮಾಡ್ತಾರೆ). ಎದುರು ಮನೆ ಸಿಸಿಟಿವಿ ಫೂಟೇಜ್ ಅವತ್ತೇ ಕೇಳಿ ಕಾಪಿ ತಗೊಳ್ಳಿ, ಮೆಮೊರಿ ತುಂಬಿದ ಹಾಗೆ ಹಳೇದರ ಮೇಲೆ ಹೊಸದು ರೆಕಾರ್ಡ್ ಆಗ್ತಾ ಹೋಗುತ್ತೆ, ಆಮೇಲೆ ಹುಡುಕಿದ್ರೆ ಸಿಗಲ್ಲ. ಮೊಬೈಲ್ ಹೋಗಿದ್ರೆ ಐಎಂಇಐ ನಂಬರ್ (ಒಂದೊಂದು ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್) ಕೇಳ್ತಾರೆ, ಅದು ಬಾಕ್ಸ್ ಮೇಲಿರುತ್ತೆ. ಇನ್ನೂ ಏನೂ ಆಗದೇ ಇರೋರು ಈಗ್ಲೇ ಫೋನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ (*#06#) ಒತ್ತಿ, ಕಾಣೋ ಆ ನಂಬರ್ ಬರ್ಕೊಳ್ಳಿ. ಲ್ಯಾಪ್‌ಟಾಪ್, ಸೈಕಲ್ ಸೀರಿಯಲ್ ನಂಬರೂ ಅಷ್ಟೇ.

ಆ ವಾರದಲ್ಲೇ ಬಾಗಿಲು ನೋಡಿ. ಜನ ದುಬಾರಿ ಬೀಗ ತರ್ತಾರೆ, ಆದ್ರೆ ಚಿಲಕ ಕೂರೋ ಪಟ್ಟಿಗೆ ಅರ್ಧ ಇಂಚಿನ ಸ್ಕ್ರೂ ಹಾಕಿರ್ತಾರೆ, ಒಂದು ಒದೆಗೆ ಬೀಗ ಹಾಗೇ ಇರುತ್ತೆ, ಚೌಕಟ್ಟೇ ಸೀಳುತ್ತೆ! ಚೌಕಟ್ಟು ದಾಟಿ ಆಚೆವರೆಗೂ ಹಿಡಿಯೋ 3 ಇಂಚಿನ ಸ್ಕ್ರೂ ಹಾಕ್ಸಿ. ಸ್ಲೈಡಿಂಗ್ ಕಿಟಕಿಗೆ ಕೆಳಗಿನ ಹಳಿಯಲ್ಲಿ ಅಳತೆಗೆ ಕತ್ತರಿಸಿದ ಕೋಲು ಇಟ್ರೆ ಸಾಕು. ಏಣಿ ಹೊರಗೆ ಬಿಡ್ಬೇಡಿ, ಅಷ್ಟೇ.

ಇನ್ನು ಏರಿಯಾ ವಾಟ್ಸಾಪ್ ಗ್ರೂಪ್. ಉಪಯೋಗ ಇದೆ, ಆದ್ರೆ ತಲೆನೋವೂ ಅದೇ. ನಮ್ಮ ಗ್ರೂಪಲ್ಲಿ ಒಂದ್ಸಲ ಮೀಟರ್ ಓದೋಕೆ ಬಂದವನ ಫೋಟೋ ಹಾಕಿ ಕಳ್ಳ ಅಂತ ಎಬ್ಬಿಸಿಬಿಟ್ರು, ಪಾಪ, ಎರಡು ಗಂಟೆ ಗೇಟ್ ಹತ್ರ ನಿಲ್ಸಿದ್ರು. ಅದಾದ್ಮೇಲೆ ಒಂದು ರೂಲ್ ಮಾಡ್ಕೊಂಡ್ವಿ: ಆಳು ಹೇಗಿದ್ದ ಅನ್ನೋದಲ್ಲ, ಏನ್ ಮಾಡ್ತಿದ್ದ ಅಂತ ಬರೀಬೇಕು, ಜೊತೆಗೆ ಟೈಮು, ಜಾಗ, ಗಾಡಿ ನಂಬರ್. ಯಾರನ್ನೂ ಅಟ್ಟಿಸ್ಕೊಂಡು ಹೋಗೋ ಹಾಗಿಲ್ಲ. ಊರಿಗೆ ಹೋಗೋ ವಿಷ್ಯ ಇಡೀ ಗ್ರೂಪಿಗೆ ಹಾಕ್ಬೇಡಿ, ಪಕ್ಕದ ಒಂದೆರಡು ಮನೆಗೆ ಬಾಯಲ್ಲೇ ಹೇಳಿ, ಬಾಗಿಲಲ್ಲಿ ಬಿದ್ದಿರೋ ಪಾರ್ಸೆಲ್ ಅವ್ರೇ ಎತ್ತಿಡ್ಲಿ.

ಕ್ಯಾಮೆರಾ ಇರೋರು ಒಂದು ಚೆಕ್ ಮಾಡಿ, ಅದರ ಗಡಿಯಾರ ಸರಿ ಇದೆಯಾ, ಪಾಸ್‌ವರ್ಡ್ ಇನ್ನೂ ಕಂಪನಿ ಕೊಟ್ಟಿದ್ದೇ ಇದೆಯಾ ಅಂತ. ಮನೆಮೂಲೆ ಎತ್ತರದಲ್ಲಿ ಹಾಕಿದ್ರೆ ಟೋಪಿ ಮಾತ್ರ ಕಾಣುತ್ತೆ, ಒಂದಾದ್ರೂ ಮುಖದ ಮಟ್ಟಕ್ಕೆ ಹತ್ರ ಇರ್ಲಿ.