ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಪುಣೆಯಲ್ಲಿ ಕಸುಬಿನ ಓದು: ಹೊಸಬರಿಗೆ ಮಾರ್ಗದರ್ಶಿ

ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಪುಣೆಗೆ ಬಂದ ಮನೆಗಳಲ್ಲಿ ಜೂನ್ ಬಂತೆಂದರೆ ಒಂದೇ ಚಿಂತೆ: ಹತ್ತನೆಯ ತರಗತಿ ಮುಗಿಸಿದ ಮಗನನ್ನೋ ಮಗಳನ್ನೋ ಎಲ್ಲಿಗೆ ಸೇರಿಸುವುದು? ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ) ಎಂದೊಡನೆ ಮೂಗು ಮುರಿಯುವವರು ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಪುಣೆಯಲ್ಲಿ ಕಸುಬಿನ ಓದಿಗೆ ದೊಡ್ಡ ಪರಂಪರೆಯೇ ಇದೆ, ಅದರಲ್ಲಿ ನಮ್ಮವರ ಪಾಲೂ ಇದೆ.

ಶಿವಾಜಿನಗರದ ಸಿಒಇಪಿಯನ್ನು (ಪುಣೆಯ ಹಳೆಯ ಎಂಜಿನಿಯರಿಂಗ್ ಕಾಲೇಜು) ಇಂದು ಎಲ್ಲರೂ ವಿಶ್ವವಿದ್ಯಾಲಯವೆಂದೇ ಬಲ್ಲರು. 1854ರಲ್ಲಿ ಅದು ಆರಂಭವಾದದ್ದು ‘ಪೂನಾ ಎಂಜಿನಿಯರಿಂಗ್ ಕ್ಲಾಸ್ ಆ್ಯಂಡ್ ಮೆಕ್ಯಾನಿಕಲ್ ಸ್ಕೂಲ್’ ಎಂಬ ಸಣ್ಣ ಸರ್ಕಾರಿ ಶಾಲೆಯಾಗಿ. ಲೋಕೋಪಯೋಗಿ ಕಾಮಗಾರಿಗಳಿಗೆ ಕೆಳಹಂತದ ಸಿಬ್ಬಂದಿಯನ್ನು ತಯಾರು ಮಾಡುವುದು ಅದರ ಕೆಲಸವಾಗಿತ್ತು. ಶಾಲೆ ಬೆಳೆದು ಕಾಲೇಜಾಯಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಲ್ಲಿಯೇ ಓದಿ 1883ರಲ್ಲಿ ತೇರ್ಗಡೆಯಾದರು. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು ಮೊದಲು ಬಂದದ್ದು 1903ರಲ್ಲಿ, ಪುಣೆಗೆ ನೀರು ಕೊಡುವ ಖಡಕ್‌ವಾಸಲಾ ಜಲಾಶಯಕ್ಕೆ. ಬೆಂಗಳೂರಿನಲ್ಲಿ 1943ರಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದರ ಹಿಂದೆಯೂ ಅವರೇ ಇದ್ದರು. ಅಷ್ಟು ದೊಡ್ಡ ಎಂಜಿನಿಯರ್ ಇಳಿವಯಸ್ಸಿನಲ್ಲಿ ಕಸುಬಿನ ಶಾಲೆಗಾಗಿ ಓಡಾಡಿದರೆಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ದೇಶದ ಐಟಿಐಗಳಲ್ಲಿ ನಡೆಯುವ ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು. ಪುಣೆಯಲ್ಲಿ ಔಂಧ್‌ನ ಸರ್ಕಾರಿ ಐಟಿಐ ಇದೆ. ಪಿಂಪ್ರಿ–ಚಿಂಚ್‌ವಡ್‌ನವರಿಗೆ ಮೋರವಾಡಿಯಲ್ಲಿ ಪಾಲಿಕೆಯದೇ ಐಟಿಐ ಹತ್ತಿರವಾಗುತ್ತದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಓದು. ವೆಲ್ಡರ್ ಒಂದೇ ವರ್ಷ, ಅದಕ್ಕೆ ಎಂಟನೆಯ ತರಗತಿ ಪಾಸಾಗಿದ್ದರೂ ಸಾಕು. ಹುಡುಗಿಯರಿಗೆ ಶೇಕಡಾ 30ರಷ್ಟು ಸೀಟು ಮೀಸಲಿದೆ, ದಯವಿಟ್ಟು ಅದನ್ನು ಬಿಟ್ಟುಕೊಡಬೇಡಿ.

ಸೇರಿಸುವ ಮುನ್ನ ಒಮ್ಮೆ ಕಾರ್ಯಾಗಾರ ನೋಡಿ ಬನ್ನಿ. ಫಿಟ್ಟರ್ ವಿದ್ಯಾರ್ಥಿ ಮೊದಲ ದಿನಗಳಲ್ಲಿ ಮಾಡುವುದು ಅರ ಹಿಡಿದು ಉಜ್ಜುವ ಕೆಲಸ. ವೈಸ್ ಎಂಬ ಹಿಡಿಕಟ್ಟಿನಲ್ಲಿ ಕಬ್ಬಿಣದ ತುಂಡು ಬಿಗಿದು ಉಜ್ಜುತ್ತಾನೆ, ಮೂಲೆ ನೇರವಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾನೆ, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜುತ್ತಾನೆ. ಕೈಯಲ್ಲಿ ಬೊಬ್ಬೆ ಏಳುತ್ತದೆ. ಆಮೇಲೆ ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ಅಳೆಯುವ ಅಭ್ಯಾಸ. ಚಾಕಣ್, ಭೋಸರಿಯ ಕಾರ್ಖಾನೆಗಳಿಗೆ ಬೇಕಾದದ್ದು ಹೀಗೆ ಪಳಗಿದ ಕೈ. ಓದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ.

ಇನ್ನು ಕಾಗದಪತ್ರ. ನಮ್ಮವರು ಎಡವುವುದು ಇಲ್ಲಿಯೇ. ನಮ್ಮ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುತ್ತದೆ. ಇಲ್ಲಿಯ ಅರ್ಜಿ ಅಡ್ಡಹೆಸರು (ಮನೆತನದ ಹೆಸರು), ಸ್ವಂತ ಹೆಸರು, ತಂದೆಯ ಹೆಸರು ಮೂರನ್ನೂ ಕೇಳುತ್ತದೆ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಪರಿಶೀಲನೆಯ ದಿನ ಅಲೆದಾಟ ತಪ್ಪದು. ಊರಿನಿಂದ ಹೊರಡುವ ಮೊದಲೇ ಶಾಲೆಯಿಂದ ವರ್ಗಾವಣೆ ಪತ್ರ ಪಡೆದು, ಶಿಕ್ಷಣ ಇಲಾಖೆಯ ಅಧಿಕಾರಿಯ ಮೇಲುರುಜು ಹಾಕಿಸಿಕೊಳ್ಳಿ. ಮಹಾರಾಷ್ಟ್ರದ ವಾಸ್ತವ್ಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸ ಬೇಕು. ಕರ್ನಾಟಕದ ಜಾತಿ ಪ್ರಮಾಣಪತ್ರದಿಂದ ಇಲ್ಲಿ ಮೀಸಲಾತಿ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

ಅರ್ಜಿ ಹಾಕುವುದು ರಾಜ್ಯದ ವೃತ್ತಿ ಶಿಕ್ಷಣ ಮತ್ತು ತರಬೇತಿ ನಿರ್ದೇಶನಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ. ಹಂಚಿಕೆ ಸುತ್ತುಸುತ್ತಾಗಿ ನಡೆಯುವುದರಿಂದ ಪ್ರತಿ ಸುತ್ತಿನ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಮಗುವಿಗೆ ನಿಜವಾಗಿಯೂ ಬೇಕಾದ ಕಸುಬನ್ನೇ ಮೊದಲ ಆಯ್ಕೆಯಾಗಿ ತುಂಬಿ. ಮರಾಠಿ ಫಾರಂ ಓದಲು ತೊಡಕಾದರೆ ಮೂಲ ಅಂಕಪಟ್ಟಿ, ಆಧಾರ್ ಹಿಡಿದು ಮಗುವಿನೊಂದಿಗೆ ನಮ್ಮ ಸಂಘದ ಕಚೇರಿಗೆ ಬನ್ನಿ. ಜೊತೆಗೆ ಕುಳಿತು ತುಂಬೋಣ.